ಕಾವೇರಿ ಗಲಾಟೆಯ ವಿಡಿಯೊ ಬಂದರೆ ಏನು ಮಾಡಬೇಕು?

ಮಳೆ ಕೈಕೊಟ್ಟ ವರ್ಷ ಕಾವೇರಿ ಜಗಳ ಶುರುವಾಗುತ್ತದೆ, ಹಿಂದೆಯೇ ಫ್ಯಾಮಿಲಿ ಗ್ರೂಪಿಗೆ ಹೊಡೆದಾಟದ ವಿಡಿಯೊಗಳೂ ಬರುತ್ತವೆ. ಸುಳ್ಳು ಸುದ್ದಿ ಹರಡಬೇಡಿ ಅಂತ ಎಲ್ಲರೂ ಹೇಳುತ್ತಾರೆ, ಸರಿ. ಆದರೆ 2016ರ ಸೆಪ್ಟೆಂಬರ್‌ನಲ್ಲಿ ಜನರನ್ನು ಕೆರಳಿಸಿದ ಮುಖ್ಯ ವಿಡಿಯೊಗಳು ಸುಳ್ಳಾಗಿರಲಿಲ್ಲ.

ತಮಿಳುನಾಡಿಗೆ 15,000 ಕ್ಯುಸೆಕ್ ನೀರು ಬಿಡಿ ಅಂತ ಸುಪ್ರೀಂ ಕೋರ್ಟ್ 5ರಂದು ಹೇಳಿತ್ತು. ಆಮೇಲೆ, ಕನ್ನಡ ನಟರನ್ನು ಫೇಸ್‌ಬುಕ್‌ನಲ್ಲಿ ಗೇಲಿ ಮಾಡಿದ ಅಂತ ಬೆಂಗಳೂರಲ್ಲಿ ಒಬ್ಬ ತಮಿಳು ಹುಡುಗನಿಗೆ ಹೊಡೆದರು, ಆ ವಿಡಿಯೊ ತಮಿಳುನಾಡಿಗೆ ಹೋಯಿತು. ರಾಮೇಶ್ವರದಲ್ಲಿ ಕರ್ನಾಟಕದ ಡ್ರೈವರ್‌ಗೆ ಹೊಡೆದ ವಿಡಿಯೊ ಇಲ್ಲಿಗೆ ಬಂತು. 12ರಂದು ಬೆಂಗಳೂರಿನ ಡಿಪೊದಲ್ಲಿ ತಮಿಳುನಾಡಿನ ಖಾಸಗಿ ಕಂಪನಿ ಕೆಪಿಎನ್‌ನ ಬಸ್ಸುಗಳು ಸಾಲುಸಾಲಾಗಿ ಸುಟ್ಟುಹೋದವು, ಹೆಗ್ಗನಹಳ್ಳಿಯಲ್ಲಿ ಪೊಲೀಸರ ಗುಂಡಿಗೆ ಒಬ್ಬ ಸತ್ತ.

ಹಾಗಾಗಿ ನಿಜವೋ ಸುಳ್ಳೋ ಅನ್ನುವುದು ಬರೀ ಮೊದಲ ಪ್ರಶ್ನೆ. ಅದನ್ನು ಬೇಗ ಮುಗಿಸಿ: ವಾಟ್ಸಾಪ್ ಮೆಸೇಜಿನ ಮೇಲೆ ಜೋಡಿ ಬಾಣ ಇದ್ದರೆ ಅದು ತುಂಬಾ ಕೈ ದಾಟಿ ಬಂದಿದೆ ಅಂತ. ಒಂದು ಸ್ಕ್ರೀನ್‌ಶಾಟ್ ತೆಗೆದು ಗೂಗಲ್ ಲೆನ್ಸ್‌ಗೆ ಹಾಕಿ, ಹಳೇದಾದರೆ ಸಾಮಾನ್ಯವಾಗಿ ಸಿಕ್ಕಿಬೀಳುತ್ತದೆ.

ನಿಜ ಅಂತಾಯಿತು ಅಂದುಕೊಳ್ಳಿ. ಈಗ ಸೌಂಡ್ ಮ್ಯೂಟ್ ಮಾಡಿ ಇನ್ನೊಮ್ಮೆ ನೋಡಿ, ತಲೆ ಎಣಿಸಿ. ಹೊಡೆಯುವವರು ಏಳೆಂಟು ಜನ ಇರಬಹುದು. ಕೆಳಗಿನ ಬರಹ ಏನು? "ತಮಿಳರು ನಮ್ಮವರಿಗೆ ಹೊಡೀತಿದ್ದಾರೆ." ಏಳೆಂಟು ಜನ ಇಡೀ ರಾಜ್ಯ ಆಗಿಬಿಟ್ಟರು, ಅಲ್ವಾ? ಅವರ ಗ್ರೂಪುಗಳಲ್ಲೂ ಇಂಥದ್ದೇ ಓಡುತ್ತಿರುತ್ತದೆ, ಹೆಸರು ಮಾತ್ರ ಅದಲುಬದಲು. ಫಾರ್ವರ್ಡ್ ಮಾಡದೆ ಇರಲು ನನಗಂತೂ ಇಷ್ಟು ಕಾರಣ ಸಾಕು.

ಯೂಟ್ಯೂಬ್, ಫೇಸ್‌ಬುಕ್‌ನಲ್ಲಿ ಇಂಥದ್ದನ್ನು ಪೂರ್ತಿ ನೋಡಿ ಕಾಮೆಂಟಲ್ಲಿ ಬೈದರೂ ಆ ಆ್ಯಪ್‌ಗೆ ಅದು ನಿಮ್ಮ ಆಸಕ್ತಿಯೇ, ಇನ್ನೂ ಜಾಸ್ತಿ ತಂದು ಸುರಿಯುತ್ತದೆ. ಮೂರು ಚುಕ್ಕಿ ಒತ್ತಿ "ಆಸಕ್ತಿ ಇಲ್ಲ" ಅನ್ನಿ. ಮಂಡ್ಯದ ವಿಶ್ವೇಶ್ವರಯ್ಯ ಪ್ರತಿಮೆ ಮುಂದೆ ರೈತರು ಶಾಂತವಾಗಿ ಧರಣಿ ಕೂತ ವಿಡಿಯೊ ನಿಮಗೆ ಎಷ್ಟು ಸಲ ಬಂದಿದೆ ಹೇಳಿ?

ಕಳಿಸಿದವರು ಚಿಕ್ಕಪ್ಪನಾದರೆ ಗ್ರೂಪಲ್ಲೇ ತಿದ್ದಲು ಹೋಗಬೇಡಿ, ಮರ್ಯಾದೆ ಪ್ರಶ್ನೆ ಆಗುತ್ತದೆ, ಆಮೇಲೆ ಅವರು ಸೋಲುವುದಿಲ್ಲ. ಬೇರೆಯಾಗಿ ಫೋನ್ ಮಾಡಿ, "ಚಿಕ್ಕಪ್ಪ, ಇದು ಯಾವಾಗಿಂದು, ನಿಮಗೆ ಯಾರು ಕಳಿಸಿದ್ರು?" ಅಂತ ಕೇಳಿ. ಒಪ್ಪಿದರೆ ಎಲ್ಲರಿಗೂ ಡಿಲೀಟ್ ಆಗುವ ಹಾಗೆ ಅಳಿಸಲು ಹೇಳಿ, ವಾಟ್ಸಾಪ್‌ನಲ್ಲಿ ಅದಕ್ಕೆ ಸುಮಾರು ಎರಡು ದಿನ ಟೈಮ್ ಇರುತ್ತದೆ. ನೀವೇ ಗ್ರೂಪ್ ಅಡ್ಮಿನ್ ಆಗಿದ್ದರೆ ನೀವೂ ಅಳಿಸಬಹುದು, ಆದರೆ ಮೊದಲು ಫೋನ್ ಮಾಡಿ.