ಎರರ್ ಬಾರದ ಕಡೆಯೇ ಕಷ್ಟ: ಎಸ್‌ಕ್ಯೂಲೈಟ್‌ಗೆ ನಮ್ಮ ಲೈಬ್ರರಿ ಒಗ್ಗಿಸಿದ ಅನುಭವ

ನಾನು ನೋಡಿಕೊಳ್ಳುವ ಡೇಟಾಬೇಸ್ ಲೈಬ್ರರಿ ಮೊದಲು ಸರ್ವರ್ ಮೇಲೆ ಓಡುವ ಡೇಟಾಬೇಸ್ ಪೋಸ್ಟ್‌ಗ್ರೆಸ್‌ಗೆ ಅಂತಲೇ ಬರೆದದ್ದು. ಕ್ವೆರಿ (ಡೇಟಾಬೇಸ್‌ಗೆ ಕೊಡುವ ಆದೇಶ) ಕಟ್ಟಿಕೊಡುತ್ತದೆ, ಟೇಬಲ್‌ಗಳ ಮೈಗ್ರೇಶನ್ (ಅವುಗಳ ರಚನೆ ಬದಲಿಸುವ ಕೆಲಸ) ನಡೆಸುತ್ತದೆ. ಸರ್ವರ್ ಇಲ್ಲದ ಕಡೆಯೂ ಅದೇ ಕೋಡ್ ಓಡಬೇಕು ಅನ್ನೋ ಬೇಡಿಕೆ ಬಂದಾಗ ಒಂದು ಫೈಲ್‌ನಲ್ಲೇ ಇರುವ ಡೇಟಾಬೇಸ್ ಎಸ್‌ಕ್ಯೂಲೈಟ್‌ಗೆ ಅಡಾಪ್ಟರ್, ಅಂದರೆ ನಮ್ಮ ಕೋಡನ್ನು ಅದಕ್ಕೆ ಹೊಂದಿಸುವ ಭಾಗ, ಬರೆಯಲು ಕೂತೆ.

ಮೊದಲ ಸುತ್ತು ಸುಲಭವಾಗಿತ್ತು. ಪೋಸ್ಟ್‌ಗ್ರೆಸ್‌ನಲ್ಲಿ ಟೈಪ್ ಬದಲಿಸಲು ಬಳಸುವ ಜೋಡಿ ಕೋಲನ್ ಇಲ್ಲಿ ನಡೆಯುವುದಿಲ್ಲ. ‘ಐಲೈಕ್’ ಇಲ್ಲ, ‘ಫಾರ್ ಅಪ್‌ಡೇಟ್’ ಇಲ್ಲ, ‘ನೌ’ ಅನ್ನೋ ಫಂಕ್ಷನ್ ಇಲ್ಲ. ಇವೆಲ್ಲ ತಕ್ಷಣ ಎರರ್ ಕೊಡುತ್ತವೆ. ಎಲ್ಲಿ ತಪ್ಪಿದೆ ಅಂತ ಅದೇ ಹೇಳುತ್ತದೆ, ನಾವು ತಿದ್ದುತ್ತಾ ಹೋಗುವುದು. ಟೆಸ್ಟ್‌ಗಳೆಲ್ಲ ಪಾಸಾದವು. ನಿಜವಾದ ಕೆಲಸ ಶುರುವಾಗಿದ್ದು ಆಮೇಲೆ.

ಲೈಬ್ರರಿ ಬಳಸುತ್ತಿದ್ದ ಗೆಳೆಯರೊಬ್ಬರು ಒಂದು ಕ್ವೆರಿ ಕಳಿಸಿದರು. ಟೇಬಲ್‌ನಲ್ಲಿ ಸಾಲುಗಳಿವೆ, ಹುಡುಕಿದರೆ ಒಂದೂ ಬರುತ್ತಿಲ್ಲ. ಕಣ್ಣಿಟ್ಟು ನೋಡಿದರೆ ಕಾಲಂ ಹೆಸರಿನಲ್ಲಿ ಎರಡು ಅಕ್ಷರ ಹಿಂದುಮುಂದಾಗಿದ್ದವು. ಹಾಗಾದರೆ ಎರರ್ ಬರಬೇಕಿತ್ತಲ್ವಾ? ಪೋಸ್ಟ್‌ಗ್ರೆಸ್‌ನಲ್ಲಿ ‘ಇಂಥ ಕಾಲಂ ಇಲ್ಲ’ ಅಂತ ಬರುತ್ತದೆ. ನಮ್ಮ ಲೈಬ್ರರಿ ಎಲ್ಲ ಹೆಸರುಗಳನ್ನೂ ಡಬಲ್ ಕೋಟ್ಸ್‌ನಲ್ಲಿ ಇಡುತ್ತದೆ, ಕ್ವೆರಿ ಬರೆಯುವ ಭಾಷೆ ಎಸ್‌ಕ್ಯೂಎಲ್‌ನ ಸ್ಟ್ಯಾಂಡರ್ಡ್ ಹೇಳುವುದೂ ಅದನ್ನೇ. ಆದರೆ ಎಸ್‌ಕ್ಯೂಲೈಟ್‌ಗೆ ಒಂದು ಹಳೆಯ ಅಭ್ಯಾಸವಿದೆ. ಡಬಲ್ ಕೋಟ್ಸ್‌ನಲ್ಲಿರುವ ಹೆಸರಿನ ಕಾಲಂ ಸಿಗದಿದ್ದರೆ ಅದನ್ನು ಸುಮ್ನೆ ಒಂದು ಸ್ಟ್ರಿಂಗ್ (ಬರೀ ಪಠ್ಯ) ಅಂತ ಓದಿಕೊಳ್ಳುತ್ತದೆ. ಅಂದರೆ ಗೆಳೆಯರ ಕ್ವೆರಿ ಪ್ರತಿ ಸಾಲಿನಲ್ಲೂ ಆ ತಪ್ಪು ಹೆಸರನ್ನೇ ಹುಡುಕುವ ಪದದ ಜೊತೆ ಹೋಲಿಸುತ್ತಿತ್ತು. ಸಾಲುಗಳನ್ನು ಕ್ರಮವಾಗಿ ಜೋಡಿಸುವ ‘ಆರ್ಡರ್ ಬೈ’ನಲ್ಲಿ ಹೀಗಾದರೆ ಸಾಲುಗಳು ಹೇಗೆ ಬೇಕೋ ಹಾಗೆ ಬರುತ್ತವೆ. ಡಿಲೀಟ್‌ನಲ್ಲಿ ‘ಈ ಕಾಲಂ ನಲ್ (ಮೌಲ್ಯವೇ ಇಲ್ಲ) ಅಲ್ಲದ ಸಾಲು ಅಳಿಸು’ ಅಂತ ಬರೆದು ಹೆಸರು ತಪ್ಪಿದರೆ ಟೇಬಲ್ಲೇ ಖಾಲಿ. ಸ್ಟ್ರಿಂಗ್ ಯಾವತ್ತೂ ನಲ್ ಅಲ್ಲವಲ್ಲ.

ಇದನ್ನು ಆಫ್ ಮಾಡುವ ಸೆಟ್ಟಿಂಗ್ 2019ರ 3.29.0 ಆವೃತ್ತಿಯಿಂದ ಇದೆ. ಆದರೆ ಅದು ಸಿ ಭಾಷೆಯ ಎಪಿಐ ಮೂಲಕ ಅಥವಾ ಕಂಪೈಲ್ ಮಾಡುವಾಗ ಮಾತ್ರ ಸಿಗುತ್ತದೆ, ಎಸ್‌ಕ್ಯೂಲೈಟ್‌ನ ಸೆಟ್ಟಿಂಗ್ ಬದಲಿಸುವ ಆದೇಶವಾದ ಪ್ರಾಗ್ಮಾದಲ್ಲಿ ಇಲ್ಲ. ಎಲ್ಲ ಕಡೆ ಅದು ನಮ್ಮ ಕೈಗೆ ಬರುವುದಿಲ್ಲ. ಅದಕ್ಕೆ ನಾನು ಬೇರೆ ದಾರಿ ಹಿಡಿದೆ: ಕಂಡೀಷನ್‌ನಲ್ಲಿ ಬರುವ ಪ್ರತಿ ಕಾಲಂ ಮುಂದೆ ಟೇಬಲ್ ಹೆಸರು, ನಡುವೆ ಒಂದು ಚುಕ್ಕಿ. ಚುಕ್ಕಿ ಇದ್ದರೆ ಎಸ್‌ಕ್ಯೂಲೈಟ್ ಅದನ್ನು ಸ್ಟ್ರಿಂಗ್ ಅಂತ ತಿಳಿಯುವುದಿಲ್ಲ, ನೇರವಾಗಿ ಎರರ್ ಕೊಡುತ್ತದೆ. ಕ್ವೆರಿ ಉದ್ದವಾಯಿತು, ಆಗಲಿ.

ಇಲ್ಲಿಗೆ ನನಗೆ ಒಂದು ವಿಷಯ ಸ್ಪಷ್ಟವಾಯಿತು. ಪೋಸ್ಟ್‌ಗ್ರೆಸ್ ‘ಆಗಲ್ಲ’ ಅನ್ನುವ ಕಡೆಗಳಲ್ಲಿ ಎಸ್‌ಕ್ಯೂಲೈಟ್ ‘ಆಗಲಿ’ ಅನ್ನುತ್ತದೆ. ಹಾಗಾಗಿ ವ್ಯಾಕರಣ ಬದಲಿಸಿಕೊಟ್ಟರೆ ಅಡಾಪ್ಟರ್‌ನ ಕೆಲಸ ಮುಗಿಯುವುದಿಲ್ಲ. ಕಳೆದುಹೋದ ಎರರ್‌ಗಳನ್ನು ವಾಪಸ್ ತರುವುದೂ ಅದರದೇ ಕೆಲಸ. ಆಮೇಲೆ ಮ್ಯಾನ್ಯುಯಲ್ ಓದಿದ್ದೆಲ್ಲ ಇದೇ ಕಣ್ಣಿನಿಂದ.

ಟೈಪ್‌ಗಳನ್ನೇ ನೋಡಿ. ಕಾಲಂಗೆ ನಾವು ಬರೆಯುವ ಟೈಪ್ ಇಲ್ಲಿ ಬರೀ ಸೂಚನೆ. ಆ ಹೆಸರಿನೊಳಗೆ ಯಾವ ಅಕ್ಷರಗಳಿವೆ ಅಂತ ನೋಡಿ ಎಸ್‌ಕ್ಯೂಲೈಟ್ ಐದರಲ್ಲಿ ಒಂದು ಗುಂಪಿಗೆ ಸೇರಿಸುತ್ತದೆ. ‘ಇಂಟ್’ ಅಂತ ಎಲ್ಲಾದರೂ ಇದ್ದರೆ ಪೂರ್ಣಾಂಕ. ಹಾಗಾಗಿ ‘ಫ್ಲೋಟಿಂಗ್ ಪಾಯಿಂಟ್’ ಅಂತ ಬರೆದರೆ ‘ಪಾಯಿಂಟ್’ನ ಇಂಗ್ಲಿಷ್ ಸ್ಪೆಲ್ಲಿಂಗ್‌ನ ಕೊನೆಯಲ್ಲಿ ಆ ಮೂರು ಅಕ್ಷರ ಇರುವುದರಿಂದ ಅದೂ ಪೂರ್ಣಾಂಕದ ಗುಂಪೇ! ‘ಸ್ಟ್ರಿಂಗ್’ ಅಂತ ಬರೆದರೆ ಯಾವ ನಿಯಮಕ್ಕೂ ಹೊಂದದೆ ಸಂಖ್ಯೆಯ ಗುಂಪಿಗೆ ಹೋಗುತ್ತದೆ. ನಮ್ಮ ಲೈಬ್ರರಿಯಲ್ಲಿ ಪಠ್ಯದ ಕಾಲಂಗೆ ಇದ್ದ ಹೆಸರು ಅದೇ. ನಾನು ಅದನ್ನು ಹಾಗೇ ಕಳಿಸಿದ್ದೆ. ‘00123’ ಅಂತ ಇಟ್ಟ ಕೋಡ್ 123 ಆಗಿ ವಾಪಸ್ ಬಂತು. ಮುಂದಿನ ಸೊನ್ನೆಗಳು ಮತ್ತೆ ಸಿಗುವುದಿಲ್ಲ.

ಪ್ರತಿ ಸಾಲನ್ನೂ ಗುರುತಿಸುವ ಕೀ ಕಾಲಂನಲ್ಲೂ ಇಂಥದೇ. ಪೋಸ್ಟ್‌ಗ್ರೆಸ್‌ನಲ್ಲಿ ತಾನಾಗಿ ನಂಬರ್ ಕೊಡುವ ‘ಬಿಗ್‌ಸೀರಿಯಲ್’ಗೆ ಬದಲಾಗಿ ‘ಬಿಗ್‌ಇಂಟ್ ಪ್ರೈಮರಿ ಕೀ’ ಅಂತ ಹಾಕಿದ್ದೆ. ಎಸ್‌ಕ್ಯೂಲೈಟ್ ತಾನಾಗಿ ನಂಬರ್ ಕೊಡುವುದು ಟೈಪ್ ‘ಇಂಟಿಜರ್’ ಅಂತ ಇಡಿಯಾಗಿ ಬರೆದಾಗ ಮಾತ್ರ. ಉಳಿದಂತೆ ಪ್ರೈಮರಿ ಕೀಯಲ್ಲಿ ನಲ್ ಕೂಡ ಒಪ್ಪುತ್ತದೆ. ಹಳೆಯ ಆವೃತ್ತಿಯ ಒಂದು ಬಗ್, ಹಳೆಯ ಡೇಟಾಬೇಸ್‌ಗಳು ಕೆಡಬಾರದು ಅಂತ ಹಾಗೇ ಉಳಿಸಿಕೊಂಡಿದ್ದಾರೆ. ಐಡಿ ಇಲ್ಲದ ಸಾಲುಗಳು ಎಷ್ಟು ಬೇಕಾದರೂ ಸೇರುತ್ತಿದ್ದವು.

2021ರಲ್ಲಿ ಬಂದ 3.37.0 ಆವೃತ್ತಿಯಲ್ಲಿ ‘ಸ್ಟ್ರಿಕ್ಟ್’ ಟೇಬಲ್‌ಗಳಿವೆ. ಅಲ್ಲಿ ಟೈಪ್ ತಪ್ಪಿದರೆ ಎರರ್ ಬರುತ್ತದೆ, ಕೀಯಲ್ಲಿ ನಲ್ ಒಪ್ಪುವುದಿಲ್ಲ. ಸಿಗುವ ಕಡೆಯಲ್ಲೆಲ್ಲ ಅದನ್ನೇ ಬಳಸುತ್ತೇವೆ. ಪಠ್ಯದ ಉದ್ದದ ಮಿತಿಗೆ ಮಾತ್ರ ಚೆಕ್ ಕನ್‌ಸ್ಟ್ರೈಂಟ್ (ಮೌಲ್ಯವನ್ನು ಪರೀಕ್ಷಿಸುವ ನಿಯಮ) ಕೈಯಾರೆ ಸೇರಿಸಬೇಕು. ದಶಮಾಂಶಗಳಿಗೆ ಸ್ವಂತ ಟೈಪ್ ಇಲ್ಲ. ನಾನು ಅವನ್ನು ನೂರರಿಂದಲೋ ಸಾವಿರದಿಂದಲೋ ಗುಣಿಸಿ ಪೂರ್ಣಾಂಕವಾಗಿ ಇಟ್ಟೆ. ಪಠ್ಯವಾಗಿ ಇಟ್ಟರೆ 9 ಅನ್ನೋದು 10ಕ್ಕಿಂತ ದೊಡ್ಡದಾಗುತ್ತದೆ.

ಈಗ ನನ್ನ ನಿದ್ದೆ ಕೆಡಿಸಿದ ವಿಷಯ. ಎಸ್‌ಕ್ಯೂಲೈಟ್‌ನಲ್ಲಿ ಟೇಬಲ್ ಬದಲಿಸುವ ‘ಆಲ್ಟರ್’ ತುಂಬಾ ಚಿಕ್ಕದು. ಕಾಲಂ ಸೇರಿಸಬಹುದು, ಹೆಸರು ಬದಲಿಸಬಹುದು, 3.35.0ರಿಂದ ತೆಗೆಯಲೂಬಹುದು. ಟೈಪ್ ಬದಲಿಸಬೇಕೆಂದರೆ ಟೇಬಲ್ಲನ್ನೇ ಮರಳಿ ಕಟ್ಟಬೇಕು: ಹೊಸ ಟೇಬಲ್ ಮಾಡಿ, ಸಾಲುಗಳನ್ನು ಕಾಪಿ ಮಾಡಿ, ಹಳೆಯದನ್ನು ಡ್ರಾಪ್ ಮಾಡಿ, ಹೊಸದಕ್ಕೆ ಹಳೆಯ ಹೆಸರಿಡುವುದು. ನಾನು ಹಾಗೇ ಬರೆದೆ. ನನ್ನದೇ ಟಿಪ್ಪಣಿಗಳ ಆಪ್ ಮೇಲೆ ಓಡಿಸಿದೆ. ‘ಪುಸ್ತಕ’ ಅನ್ನೋ ಟೇಬಲ್, ಅದಕ್ಕೆ ಫಾರಿನ್ ಕೀಯಿಂದ (ಬೇರೆ ಟೇಬಲ್‌ನ ಸಾಲನ್ನು ತೋರಿಸುವ ಕೊಂಡಿ) ಅಂಟಿಕೊಂಡ ‘ಟಿಪ್ಪಣಿ’ ಟೇಬಲ್. ಪುಸ್ತಕ ಅಳಿಸಿದರೆ ಅದರ ಟಿಪ್ಪಣಿಗಳೂ ಹೋಗಲಿ ಅಂತ ಕ್ಯಾಸ್ಕೇಡ್ ಹಾಕಿದ್ದೆ. ಮೈಗ್ರೇಶನ್ ಯಶಸ್ವಿ ಅಂತ ಬಂತು. ಪುಸ್ತಕಗಳೆಲ್ಲ ಇದ್ದವು. ಟಿಪ್ಪಣಿ ಒಂದೂ ಇರಲಿಲ್ಲ.

ಕಾರಣ ಹೀಗೆ. ಫಾರಿನ್ ಕೀ ಆನ್ ಇದ್ದಾಗ ಟೇಬಲ್ ಡ್ರಾಪ್ ಮಾಡಿದರೆ ಎಸ್‌ಕ್ಯೂಲೈಟ್ ಮೊದಲು ಅದರ ಸಾಲುಗಳನ್ನೆಲ್ಲ ಒಳಗೊಳಗೇ ಡಿಲೀಟ್ ಮಾಡುತ್ತದೆ. ಆ ಡಿಲೀಟ್‌ಗೆ ಕ್ಯಾಸ್ಕೇಡ್ ಅನ್ವಯಿಸುತ್ತದೆ. ಹಳೆಯ ಪುಸ್ತಕ ಟೇಬಲ್ ಜೊತೆ ಟಿಪ್ಪಣಿಗಳೂ ಹೋದವು. ಬ್ಯಾಕಪ್ ಇತ್ತು, ಬದುಕಿದೆ. ಸರಿ, ಮೈಗ್ರೇಶನ್ ಮೊದಲ ಸಾಲಿನಲ್ಲೇ ಫಾರಿನ್ ಕೀ ಆಫ್ ಮಾಡುವ ಪ್ರಾಗ್ಮಾ ಹಾಕಿದೆ. ಬ್ಯಾಕಪ್‌ನ ಪ್ರತಿಯ ಮೇಲೆ ಓಡಿಸಿದೆ. ಟಿಪ್ಪಣಿಗಳು ಮತ್ತೆ ಮಾಯ.

ಈ ಸಲ ಕಾರಣ ಹುಡುಕಲು ಜಾಸ್ತಿ ಹೊತ್ತು ಹಿಡಿಯಿತು. ನಮ್ಮ ಲೈಬ್ರರಿ ಪ್ರತಿ ಮೈಗ್ರೇಶನ್ನನ್ನೂ ಟ್ರಾನ್ಸಾಕ್ಷನ್ ಒಳಗೆ, ಅಂದರೆ ಎಲ್ಲವೂ ಆಗಬೇಕು ಇಲ್ಲವೇ ಏನೂ ಆಗಬಾರದು ಅನ್ನೋ ಕಟ್ಟಿನೊಳಗೆ, ನಡೆಸುತ್ತದೆ. ಆ ಪ್ರಾಗ್ಮಾ ಟ್ರಾನ್ಸಾಕ್ಷನ್ ಒಳಗೆ ಏನೂ ಮಾಡುವುದಿಲ್ಲ. ಎರರ್ ಇಲ್ಲ, ಎಚ್ಚರಿಕೆಯೂ ಇಲ್ಲ. ಫಾರಿನ್ ಕೀ ತಪಾಸಣೆಯನ್ನು ಕಮಿಟ್‌ವರೆಗೆ (ಬದಲಾವಣೆಗಳು ಖಾಯಂ ಆಗುವ ಹೆಜ್ಜೆ) ಮುಂದೂಡುವ ಇನ್ನೊಂದು ಪ್ರಾಗ್ಮಾ ಇದೆ. ಅದು ಮುಂದೂಡುವುದು ತಪಾಸಣೆಯನ್ನು ಮಾತ್ರ, ಕ್ಯಾಸ್ಕೇಡ್ ಆಗಲೇ ನಡೆದುಹೋಗುತ್ತದೆ.

ಈಗ ಕ್ರಮ ಹೀಗಿದೆ. ಟ್ರಾನ್ಸಾಕ್ಷನ್ ಶುರುವಾಗುವ ಮುಂಚೆ ಫಾರಿನ್ ಕೀ ಆಫ್. ಆಫ್ ಆಯಿತಾ ಅಂತ ಅದೇ ಪ್ರಾಗ್ಮಾವನ್ನು ಮತ್ತೆ ಓದಿ ನೋಡುವುದು. 0 ಬರದಿದ್ದರೆ ಅಲ್ಲೇ ನಿಲ್ಲಿಸುವುದು. ಆಮೇಲೆ ಟೇಬಲ್ ಮರುಕಟ್ಟುವ ಕೆಲಸ. ಡ್ರಾಪ್ ಆದ ಟೇಬಲ್ ಜೊತೆ ಅದರ ಇಂಡೆಕ್ಸ್ (ಹುಡುಕಾಟ ಚುರುಕಾಗಿಸುವ ಪಟ್ಟಿ), ತಾನಾಗಿ ಓಡುವ ಟ್ರಿಗರ್‌ಗಳೂ ಹೋಗುವುದರಿಂದ ಅವುಗಳ ಮೂಲ ಎಸ್‌ಕ್ಯೂಎಲ್ ಮೊದಲೇ ಓದಿಟ್ಟುಕೊಂಡು ಮತ್ತೆ ಸೃಷ್ಟಿಸುವುದು. ಕಮಿಟ್‌ಗೆ ಮುಂಚೆ ‘ಫಾರಿನ್ ಕೀ ಚೆಕ್’ ಪ್ರಾಗ್ಮಾ ಓಡಿಸಿ, ಅದು ಒಂದು ಸಾಲು ತೋರಿಸಿದರೂ ರೋಲ್‌ಬ್ಯಾಕ್, ಅಂದರೆ ಎಲ್ಲವೂ ರದ್ದು. ಕೊನೆಗೆ ಮತ್ತೆ ಆನ್. ಹಳೆಯ ಟೇಬಲ್‌ಗೆ ಮೊದಲು ಬೇರೆ ಹೆಸರಿಟ್ಟು, ಆಮೇಲೆ ಹೊಸದನ್ನು ಮಾಡುವ ಉಲ್ಟಾ ಕ್ರಮವನ್ನು ದಯವಿಟ್ಟು ಬಳಸಬೇಡಿ. 3.26.0ರಿಂದ ಹೆಸರು ಬದಲಿಸಿದರೆ ಬೇರೆ ಟೇಬಲ್‌ಗಳ ಫಾರಿನ್ ಕೀಗಳೂ ಆ ಹೊಸ ಹೆಸರಿನ ಹಿಂದೆ ಹೋಗುತ್ತವೆ. ಕೊನೆಗೆ ಅವು ಇಲ್ಲದ ಟೇಬಲ್ಲಿನ ಕಡೆ ಕೈ ತೋರಿಸುತ್ತಾ ನಿಲ್ಲುತ್ತವೆ.

ಅಂದಹಾಗೆ ಫಾರಿನ್ ಕೀ ಸಾಮಾನ್ಯವಾಗಿ ಆಫ್ ಆಗಿಯೇ ಇರುತ್ತದೆ. ಆನ್ ಮಾಡಿದರೂ ಅದು ಆ ಒಂದು ಕನೆಕ್ಷನ್‌ಗೆ ಮಾತ್ರ. ಪೂಲ್‌ನಿಂದ (ಕನೆಕ್ಷನ್‌ಗಳ ಸಂಗ್ರಹ) ಬರುವ ಪ್ರತಿ ಹೊಸ ಕನೆಕ್ಷನ್ ತೆರೆದಾಗಲೂ ನಾವೇ ಆನ್ ಮಾಡುತ್ತೇವೆ.

ದಿನಾಂಕದ ಬಗ್ಗೆ ಒಂದು ಮಾತು. ಎಸ್‌ಕ್ಯೂಲೈಟ್‌ಗೆ ದಿನಾಂಕದ ಟೈಪ್ ಇಲ್ಲ, ಪಠ್ಯವಾಗಿ ಇಟ್ಟೆವು. ಅದರ ‘ಕರೆಂಟ್ ಟೈಮ್‌ಸ್ಟ್ಯಾಂಪ್’ ದಿನಾಂಕ ಮತ್ತು ಸಮಯದ ನಡುವೆ ಒಂದು ಖಾಲಿ ಜಾಗ ಬಿಡುತ್ತದೆ. ಪೈಥಾನ್‌ನ ‘ಐಸೋಫಾರ್ಮ್ಯಾಟ್’ ಅಲ್ಲಿ ‘ಟಿ’ ಅಕ್ಷರ ಹಾಕುತ್ತದೆ. ಹೋಲಿಕೆ ಅಕ್ಷರಕ್ಕೆ ಅಕ್ಷರ ನಡೆಯುತ್ತದೆ, ಖಾಲಿ ಜಾಗ ‘ಟಿ’ಗಿಂತ ಮೊದಲು ಬರುತ್ತದೆ. ಹಾಗಾಗಿ ಖಾಲಿ ಜಾಗ ಇಟ್ಟು ಬರೆದ ಒಂದೇ ದಿನದ ಸಂಜೆ 6 ಗಂಟೆ, ‘ಟಿ’ ಇರುವ ಬೆಳಿಗ್ಗೆ 10ಕ್ಕಿಂತ ಹಿಂದಿನದಾಗಿ ಕಾಣುತ್ತಿತ್ತು. ದಿನ ಬೇರೆಯಾದರೆ ಎಲ್ಲ ಸರಿ. ಹಾಗಾಗಿ ನನ್ನ ಟೆಸ್ಟ್‌ಗಳಿಗೆ ಇದು ಸಿಕ್ಕಿರಲಿಲ್ಲ. ಈಗ ಎಲ್ಲ ಸಮಯವೂ ಯುಟಿಸಿಯಲ್ಲಿ (ಜಗತ್ತಿಗೆಲ್ಲ ಒಂದೇ ಆದ ಸಮಯ), ಒಂದೇ ರೂಪದಲ್ಲಿ, ಲೈಬ್ರರಿಯಿಂದಲೇ ಹೋಗುತ್ತದೆ.

ಬರೆಯುವ ಟ್ರಾನ್ಸಾಕ್ಷನ್‌ಗಳನ್ನು ‘ಬಿಗಿನ್ ಇಮೀಡಿಯೆಟ್’ನಿಂದ ಶುರುಮಾಡಿ. ಮೊದಲು ಓದಿ ಆಮೇಲೆ ಬರೆಯಲು ಹೊರಟರೆ, ಅಷ್ಟರಲ್ಲಿ ಇನ್ನೊಬ್ಬರು ಬರೆದಿದ್ದರೆ, ಟೈಮ್‌ಔಟ್ ಎಷ್ಟೇ ಇಟ್ಟರೂ ಕಾಯದೆ ‘ಬಿಜಿ’ ಅಂತ ವಾಪಸ್ ಬರಬಹುದು. ‘ಇನ್ಸರ್ಟ್ ಆರ್ ರಿಪ್ಲೇಸ್’ ಹಳೆಯ ಸಾಲನ್ನು ಅಳಿಸಿ ಹೊಸದನ್ನು ಹಾಕುತ್ತದೆ, ಕ್ಯಾಸ್ಕೇಡ್ ಅಲ್ಲೂ ಕಾದಿರುತ್ತದೆ. 3.24.0ರಲ್ಲಿ ಪೋಸ್ಟ್‌ಗ್ರೆಸ್ ಮಾದರಿಯಲ್ಲೇ ‘ಆನ್ ಕಾನ್‌ಫ್ಲಿಕ್ಟ್’ ಬಂದಿದೆ, ಅದನ್ನೇ ಬಳಸಿ.

ಕೊನೆಗೆ ನಾನು ಬೇರೆ ಥರದ ಟೆಸ್ಟ್‌ಗಳನ್ನು ಬರೆದೆ. ತಪ್ಪು ಕಾಲಂ ಹೆಸರು, ತಪ್ಪು ಟೈಪ್, ನಲ್ ಕೀ, ತಾಯಿ ಸಾಲಿಲ್ಲದ ಮಗು ಸಾಲು. ಎರಡೂ ಡೇಟಾಬೇಸ್‌ನಲ್ಲಿ ಇವು ಎರರ್ ಕೊಟ್ಟರೆ ಮಾತ್ರ ಪಾಸ್. ಅವುಗಳಲ್ಲಿ ಒಂದು ಇನ್ನೂ ಫೇಲ್ ಆಗುತ್ತಿದೆ. ಸೊನ್ನೆಯಿಂದ ಭಾಗಿಸಿದರೆ ಪೋಸ್ಟ್‌ಗ್ರೆಸ್ ಎರರ್ ಕೊಡುತ್ತದೆ, ಎಸ್‌ಕ್ಯೂಲೈಟ್ ನಲ್ ಕೊಡುತ್ತದೆ. ಪ್ರತಿ ಭಾಗಾಕಾರವನ್ನೂ ನನ್ನದೇ ಫಂಕ್ಷನ್‌ನಲ್ಲಿ ಸುತ್ತಬಹುದು. ಆದರೆ ಆ ಫಂಕ್ಷನ್ ಇರುವ ಇಂಡೆಕ್ಸ್ ಅಥವಾ ಚೆಕ್ ಇದ್ದರೆ ಆ ಫೈಲ್ ನಮ್ಮ ಲೈಬ್ರರಿ ಇಲ್ಲದ ಕಡೆ ಸರಿಯಾಗಿ ನಡೆಯುವುದಿಲ್ಲ. ಅದನ್ನು ಮಾಡಲು ನನಗೆ ಮನಸ್ಸಿಲ್ಲ. ಆ ಟೆಸ್ಟ್ ಕೆಂಪಾಗಿಯೇ ಇರಲಿ ಅಂತ ಬಿಟ್ಟಿದ್ದೇನೆ, ಕಾರಣವನ್ನು ಅದರ ಪಕ್ಕದಲ್ಲೇ ಬರೆದಿಟ್ಟಿದ್ದೇನೆ.