ಗರ್ಭಿಣಿಯರ ತಪಾಸಣೆಯಲ್ಲಿ ಮನಸ್ಸಿನ ಪ್ರಶ್ನೆ: ನನ್ನ ಅನುಭವ

ಉಡುಪಿ ತಾಲ್ಲೂಕಿನ ಕಡಲ ತೀರದ ಪ್ರಾಥಮಿಕ ಆರೋಗ್ಯ ಕೇಂದ್ರವೊಂದರಲ್ಲಿ ವೈದ್ಯಾಧಿಕಾರಿಯಾಗಿರುವ ನಾನು, ಗರ್ಭಿಣಿಯರ ತೂಕ, ರಕ್ತದೊತ್ತಡ, ಹಿಮೋಗ್ಲೋಬಿನ್‌ಗಳ ಜೊತೆಗೆ ಮನಸ್ಸಿನ ಸ್ಥಿತಿಯನ್ನೂ ವಿಚಾರಿಸುವ ಕ್ರಮವನ್ನು ರೂಢಿಗೆ ತಂದ ಬಗೆಯನ್ನು ಇಲ್ಲಿ ಬರೆಯುತ್ತಿದ್ದೇನೆ. ಇದರಲ್ಲಿ ಹೆಚ್ಚು ಶ್ರಮ ಬೇಡಿದ್ದು ಪ್ರಶ್ನೆ ಕೇಳಲು ತಕ್ಕ ಜಾಗ ಮತ್ತು ಹೊತ್ತನ್ನು ಹೊಂದಿಸಿಕೊಳ್ಳುವುದು.

ಪ್ರತಿ ತಿಂಗಳ 9ರಂದು, ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದ ದಿನ, ಗರ್ಭಿಣಿಯರು ಒಟ್ಟಿಗೆ ಬರುವುದರಿಂದ ಅಂದೇ ಇದನ್ನೂ ಮುಗಿಸಿಬಿಡೋಣ ಎಂದು ಸಿಬ್ಬಂದಿಗೆ ಅನ್ನಿಸುವುದು ಸಹಜ. ಆದರೆ ಬೆಂಚು ತುಂಬಿ ಬಾಗಿಲಲ್ಲಿ ಸಾಲು ನಿಂತಿರುವಾಗ ಯಾರೂ ಮನಸ್ಸು ಬಿಚ್ಚಲಾರರು. ಹಾಗಾಗಿ ಜನ ಕಡಿಮೆಯಿರುವ ದಿನಕ್ಕೆ ಇದನ್ನು ಇಟ್ಟುಕೊಂಡೆವು. ಜೊತೆಗೆ ಬಂದ ಅತ್ತೆಯನ್ನು ನೇರವಾಗಿ ಹೊರಗೆ ಕಳುಹಿಸಿದರೆ, ಮನೆಗೆ ಹೋದ ಮೇಲೆ ಸೊಸೆಯೇ ಉತ್ತರ ಕೊಡಬೇಕಾಗುತ್ತದೆ. ಆದ್ದರಿಂದ ಕಬ್ಬಿಣಾಂಶದ ಮಾತ್ರೆಯ ಚೀಟಿಯನ್ನು ಅತ್ತೆಯ ಕೈಗೆ ಕೊಟ್ಟು ಔಷಧ ಕೊಡುವಲ್ಲಿಗೆ ಕಳುಹಿಸುತ್ತೇವೆ. ಅಷ್ಟರಲ್ಲಿ ನಮ್ಮ ನರ್ಸ್ ರಕ್ತದೊತ್ತಡ ನೋಡಿ, ತೋಳಿನ ಪಟ್ಟಿ ಬಿಚ್ಚುತ್ತ ಮಾತು ತೆಗೆಯುತ್ತಾರೆ. (ಅಳೆಯುವಾಗಲೇ ಮಾತನಾಡಿಸಿದರೆ ರಕ್ತದೊತ್ತಡ ಏರಿ ಕಾಣುತ್ತದೆ.)

ಮೊದಲು ಕೇಳುವುದು ಎರಡೇ: ಕಳೆದ ಒಂದು ತಿಂಗಳಲ್ಲಿ ಮನಸ್ಸು ಕುಗ್ಗಿದಂತೆ, ಭರವಸೆ ಹೋದಂತೆ ಆಗಾಗ ಅನ್ನಿಸಿತ್ತೇ, ಕೆಲಸಗಳಲ್ಲಿ ಆಸಕ್ತಿ, ಸಂತೋಷ ಕಡಿಮೆಯಾಗಿತ್ತೇ. ಒಂದಕ್ಕೆ ಹೌದೆಂದರೂ ತಾಯಂದಿರ ಖಿನ್ನತೆಯನ್ನು ಗುರುತಿಸಲೆಂದು 1987ರಲ್ಲಿ ಪ್ರಕಟವಾದ ಎಡಿನ್‌ಬರೋ ಮಾಪನದ ಹತ್ತು ಪ್ರಶ್ನೆಗಳನ್ನು ನಾನೇ ಓದಿ ಕೇಳುತ್ತೇನೆ. ತುಳು ಮನೆಮಾತಿನವರಿಗೆ ನರ್ಸ್ ತುಳುವಿನಲ್ಲೇ ವಿವರಿಸುತ್ತಾರೆ. ಬಸುರಿನಲ್ಲಿ ಹೇಗೂ ಇರುವ ಸುಸ್ತು, ಊಟ ಸೇರದಿರುವುದು ಇವುಗಳಿಗೆ ಈ ಮಾಪನ ಅಂಕ ಕೊಡುವುದಿಲ್ಲವಾದ್ದರಿಂದ ನಮ್ಮ ಕೆಲಸಕ್ಕೆ ಇದು ಹೊಂದುತ್ತದೆ. ಹತ್ತನೆಯದು ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಯ ಕುರಿತದ್ದು; ಅಲ್ಲಿ 'ಅಪರೂಪಕ್ಕೆ' ಎಂಬ ಉತ್ತರ ಬಂದರೂ ಒಟ್ಟು ಅಂಕ ಎಷ್ಟೇ ಇರಲಿ, ಅಂದೇ ಕುಳಿತು ಮಾತನಾಡಬೇಕು.

ಗುರುತು ಸಿಗದಂತೆ ಒಂದು ಉದಾಹರಣೆ ಹೇಳುತ್ತೇನೆ. ಗಂಡ ಆಳಸಮುದ್ರದ ಬೋಟಿನಲ್ಲಿ ದುಡಿಯುವ ಏಳು ತಿಂಗಳ ಗರ್ಭಿಣಿಯೊಬ್ಬರು, "ಮಗು ಆಡುವುದು ಗೊತ್ತಾಗ್ತದೆ ಡಾಕ್ಟ್ರೇ, ಆದ್ರೆ ಖುಷಿ ಅಂತ ಏನೂ ಆಗುವುದಿಲ್ಲ. ರಾತ್ರಿ ಬೋಟು ಎಲ್ಲಿ ಉಂಟೋ ಅಂತ ತಲೆಬಿಸಿ" ಎಂದರು. ಸಾಯುವ ಯೋಚನೆ ಇರಲಿಲ್ಲ. ಹಿಮೋಗ್ಲೋಬಿನ್ ಮತ್ತು ಥೈರಾಯ್ಡ್ ಪರೀಕ್ಷೆ ಮಾಡಿಸಿದೆ, ಏಕೆಂದರೆ ರಕ್ತಹೀನತೆಯೂ ಥೈರಾಯ್ಡ್ ಕೊರತೆಯೂ ಇದೇ ವೇಷದಲ್ಲಿ ಬರುವುದುಂಟು. ಅವರಿಗೆ ಸಲುಗೆಯಿದ್ದ ಆಶಾ ಕಾರ್ಯಕರ್ತೆ ವಾರಕ್ಕೊಮ್ಮೆ ಮನೆಗೆ ಹೋದರು. ರಾತ್ರಿಯ ಕಳವಳಕ್ಕೆ ಕನ್ನಡದಲ್ಲೂ ಮಾತನಾಡಬಹುದಾದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416 ಕೊಟ್ಟೆವು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮನೋವೈದ್ಯರಿಗೂ ತೋರಿಸಿದೆವು. ಬೋಟು ದಡಕ್ಕೆ ಬಂದಾಗ, ಅವರ ಒಪ್ಪಿಗೆ ಪಡೆದು, ಗಂಡನನ್ನು ಕರೆಸಿ ಮಾತನಾಡಿದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವಾಗ ಗಂಡ ಮನೆಯಲ್ಲಿರುತ್ತಾನೆ, ಇನ್ನು ಚಿಂತೆಯಿಲ್ಲ ಎಂದು ನಾವು ತಿಳಿಯಬಾರದು. ಕೈಯಲ್ಲಿ ಕಾಸಿಲ್ಲದ, ಕೆಲವೆಡೆ ಕುಡಿತ ಹೆಚ್ಚುವ ತಿಂಗಳುಗಳೂ ಅವೇ.

ಮೊದಲೇ ಮನೋರೋಗದ ಔಷಧದಲ್ಲಿರುವವರು ಬಸುರಿಯೆಂದು ತಿಳಿದೊಡನೆ ತಾವಾಗಿ ಮಾತ್ರೆ ನಿಲ್ಲಿಸಿಬಿಡುವುದಕ್ಕೆ ನಾನು ಬಹಳ ಹೆದರುತ್ತೇನೆ. ಮನಸ್ಸಿನ ತೀವ್ರ ಏರಿಳಿತದ ಕಾಯಿಲೆಗೆ ಕೊಡುವ ವಾಲ್‌ಪ್ರೊಯೇಟ್ ಎಂಬ ಔಷಧದಿಂದ ಭ್ರೂಣಕ್ಕೆ ಅಪಾಯವಿರುವುದು ನಿಜವಾದ್ದರಿಂದ ಅದನ್ನು ಬದಲಿಸಲು ಮನೋವೈದ್ಯರಿಗೆ ತಡಮಾಡದೆ ಕಳುಹಿಸಬೇಕು. ಉಳಿದವುಗಳನ್ನೂ ಅವರನ್ನು ಕೇಳದೆ ಬಿಡಬಾರದೆಂದು ಮೊದಲ ಭೇಟಿಯಲ್ಲೇ ಹೇಳುತ್ತೇನೆ.

ಇವನ್ನೆಲ್ಲ ಎಲ್ಲಿ ಬರೆದಿಡುವುದು ಎಂಬುದೂ ಸಣ್ಣ ಮಾತಲ್ಲ. ತಾಯಿ ಕಾರ್ಡನ್ನು ಮನೆಮಂದಿಯೆಲ್ಲ ಓದುತ್ತಾರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಗೋಪ್ಯತೆಯನ್ನು ಹಕ್ಕೆಂದು ಹೇಳಿದೆ. ಕಾರ್ಡಿನಲ್ಲಿ ಮುಂದಿನ ಭೇಟಿಯ ದಿನಾಂಕವಷ್ಟೇ ಇರುತ್ತದೆ, ವಿವರ ನನ್ನ ಕಪಾಟಿನ ಪುಸ್ತಕದಲ್ಲಿರುತ್ತದೆ.

ನಮ್ಮಲ್ಲಿ ಬಯಕೆ (ಸೀಮಂತ) ಮುಗಿದ ಮೇಲೆ ಹೆಣ್ಣುಮಗಳು ತವರಿಗೆ ಹೋಗುತ್ತಾಳೆ. ಕುಂದಾಪುರದ ಕಡೆಗೋ ಕಾರ್ಕಳದ ಕಡೆಗೋ ಹೋದವಳು ನಮ್ಮ ಕಣ್ಣಿಗೆ ಬೀಳುವುದು ಕೂಸಿನೊಂದಿಗೆ ಮರಳಿದಾಗಲೇ. ಆದ್ದರಿಂದ ಹೊರಡುವ ಮೊದಲು ಅವಳನ್ನೇ ಕೇಳಿ, ಅವಳು ಒಪ್ಪಿದರೆ ತವರಿನ ಆಶಾ ಕಾರ್ಯಕರ್ತೆಗೆ ಫೋನ್ ಮಾಡಿಸುತ್ತೇವೆ. ಮಗುವಿನ ಆರನೆಯ ವಾರದ ಲಸಿಕೆಗೆ ಯಾವ ಕೇಂದ್ರಕ್ಕೆ ಬಂದರೂ ತಾಯಿಗೆ ಅದೇ ಎರಡು ಪ್ರಶ್ನೆಗಳನ್ನು ಕೇಳಬೇಕೆಂದು ಅಲ್ಲಿಯವರಿಗೆ ತಿಳಿಸುತ್ತೇವೆ.