ಬೆಕ್ಕಿನ ತುರಿಕೆ: ಮೊದಲು ಜಾಗ ನೋಡಿ, ಆಮೇಲೆ ಮದ್ದು

'ಬೆಕ್ಕು ಒಂದೇ ಸಮನೆ ಕೆರೆದುಕೊಳ್ತಿದೆ, ಏನು ಹಚ್ಚಲಿ?' ಎಂದು ಯಾರಾದರೂ ಫೋನ್ ಮಾಡಿದರೆ ನಾನು ಕೇಳುವುದು ಒಂದೇ ಮಾತು: ಮೈಮೇಲೆ ಎಲ್ಲಿ ಶುರುವಾಯಿತು? ಶಿವಮೊಗ್ಗದ ನಮ್ಮ ಮನೆಯೊಳಗೆ ಮೂರು ಬೆಕ್ಕುಗಳಿವೆ, ಹಿತ್ತಲಿಗೆ ಊಟಕ್ಕೆ ಬರುವವು ಬೇರೆ. ಕೂದಲು ಉದುರುವುದು, ಹಕ್ಕಳೆ ಕಟ್ಟುವುದು ಎಲ್ಲಾ ಕಾಯಿಲೆಯಲ್ಲೂ ಇದ್ದದ್ದೇ. ಆದರೆ ಒಂದೊಂದು ಕಾಯಿಲೆಗೆ ಒಂದೊಂದು ಜಾಗ ಇಷ್ಟ.

ಊಟ ಮುಗಿಸಿ ತೂಕಡಿಸುವ ಹೊತ್ತಿಗೆ ಕಿಟಕಿ ಬೆಳಕಿಗೆ ಕೂರಿಸಿಕೊಳ್ಳಿ. ಕಿವಿಯಿಂದ ಬಾಲದವರೆಗೆ ಕೂದಲನ್ನು ಹಿಂದಕ್ಕೆ ಸರಿಸುತ್ತಾ ಚರ್ಮ ನೋಡಿ. ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಡಿ, ಹರಡುತ್ತಿದೆಯೋ ಇಲ್ಲವೋ ಆಮೇಲೆ ಗೊತ್ತಾಗುತ್ತದೆ.

ಬಾಲದ ಬುಡ, ಸೊಂಟದ ಮೇಲ್ಭಾಗದಲ್ಲಿ ಕೂದಲು ತೆಳುವಾಗಿ ಸಣ್ಣ ಸಣ್ಣ ಹಕ್ಕಳೆ ಕೈಗೆ ಸಿಕ್ಕರೆ ಮೊದಲ ಅನುಮಾನ ಚಿಗಟದ ಮೇಲೆ. ಹೇನು ತೆಗೆಯುವ ಸೀರಣಿಗೆಯಿಂದ ಬಾಚಿ, ಬಿದ್ದ ಕಪ್ಪು ಪುಡಿಯನ್ನು ಒದ್ದೆ ಬಿಳಿ ಬಟ್ಟೆಯ ಮೇಲೆ ಉದುರಿಸಿ. ಕೆಂಪು ಕಂದು ಬಣ್ಣ ಬಿಟ್ಟರೆ ಅದು ಚಿಗಟದ ಹಿಕ್ಕೆ, ಅಂದರೆ ಜೀರ್ಣವಾದ ರಕ್ತ. ಚಿಗಟ ಕಣ್ಣಿಗೆ ಬೀಳದಿದ್ದರೂ ಇದು ಸಾಕು. ಅಲರ್ಜಿ ಇರುವ ಬೆಕ್ಕಿಗೆ ನಾಲ್ಕಾರು ಕಡಿತವೇ ಜಾಸ್ತಿ. ಬೆಕ್ಕಿಗೆ ಮದ್ದು ಹಾಕಿ ಸುಮ್ಮನಾದರೆ ಮುಗಿಯುವುದಿಲ್ಲ, ಮೊಟ್ಟೆ ಮರಿಗಳೆಲ್ಲ ಚಾಪೆ, ಸೋಫಾ ಸಂದಿಯಲ್ಲಿರುತ್ತವೆ. ಹಾಸಿಗೆ ಬಟ್ಟೆ ಬಿಸಿನೀರಲ್ಲಿ ಒಗೆಯಿರಿ, ಮೂಲೆಮೂಲೆ ಗುಡಿಸಿ, ಮನೆಯ ಎಲ್ಲಾ ಬೆಕ್ಕು ನಾಯಿಗೂ ಒಟ್ಟಿಗೇ ಮದ್ದು ಮಾಡಿಸಿ.

ಕಿವಿಯ ಅಂಚಿನಲ್ಲಿ ದಪ್ಪ ಬೂದು ಹಕ್ಕಳೆ ಕಟ್ಟಿ, ಅಲ್ಲಿಂದ ಮುಖಕ್ಕೆ, ಕುತ್ತಿಗೆಗೆ ಇಳಿದರೆ ಹೆಚ್ಚಾಗಿ ಅದು ಕಜ್ಜಿ. ನಮ್ಮ ಹಿತ್ತಲಿನ ಬೆಕ್ಕುಗಳಲ್ಲಿ ನಾನು ಹೆಚ್ಚು ನೋಡುವುದು ಇದನ್ನೇ. ಚರ್ಮದೊಳಗೆ ಬಿಲ ಕೊರೆಯುವ ಕಣ್ಣಿಗೆ ಕಾಣದ ಹುಳ ಇದಕ್ಕೆ ಕಾರಣ. ತುರಿಕೆ ವಿಪರೀತ, ಒಂದರಿಂದ ಇನ್ನೊಂದಕ್ಕೆ ಬೇಗ ಅಂಟುತ್ತದೆ. ಎತ್ತಿಕೊಂಡವರ ಕೈಯಲ್ಲೂ ಕೆಂಪು ಗುಳ್ಳೆ ಏಳಬಹುದು, ಆದರೆ ಆ ಹುಳ ಮನುಷ್ಯರ ಮೈಮೇಲೆ ಬಹಳ ದಿನ ಬಾಳುವುದಿಲ್ಲ. ಹಕ್ಕಳೆಯನ್ನು ಕಿತ್ತು ತೆಗೆಯಲು ಹೋಗಬೇಡಿ. ಡಾಕ್ಟರು ಸೆಲಮೆಕ್ಟಿನ್‌ನಂಥ ಹನಿ ಮದ್ದು ಬರೆದುಕೊಡುತ್ತಾರೆ, ಇಲ್ಲವೇ ಇಂಜೆಕ್ಷನ್ ಕೊಡುತ್ತಾರೆ. ಹನಿಯನ್ನು ಹಾಕುವುದು ಹೆಡಕಿನ ಹಿಂದೆ, ಕೂದಲು ಬಿಡಿಸಿ ನೇರ ಚರ್ಮದ ಮೇಲೆ. ಬೇರೆಲ್ಲಿ ಹಾಕಿದರೂ ನೆಕ್ಕಿಬಿಡುತ್ತದೆ.

ಕಿವಿಯೊಳಗೆ ಕಾಫಿ ಚರಟದಂಥ ಕಪ್ಪು ಕಸ ತುಂಬಿ, ಬೆಕ್ಕು ತಲೆ ಕೊಡವುತ್ತಿದ್ದರೆ ಅದು ಕಿವಿಹುಳ ಇರಬಹುದು. ಬಡ್ಸ್ ಹಾಕಿ ಕೆದಕಬೇಡಿ, ಕಸ ಇನ್ನೂ ಒಳಗೆ ಹೋಗುತ್ತದೆ.

ದುಂಡಗೆ ಕೂದಲು ಉದುರಿ ಹೊಟ್ಟು ಎದ್ದಿದ್ದರೆ, ಅದೂ ಮರಿಯ ಮುಖ, ಕಿವಿ, ಮುಂಗಾಲಿನಲ್ಲಾದರೆ, ಹುಳುಕಡ್ಡಿ. ಹೆಸರಿನಲ್ಲಿ ಹುಳ ಇದ್ದರೂ ಇದು ಶಿಲೀಂಧ್ರ, ಅಂದರೆ ಫಂಗಸ್. ಎಷ್ಟೋ ಸಲ ತುರಿಕೆಯೇ ಇರುವುದಿಲ್ಲ, ಆದ್ದರಿಂದ ಮಕ್ಕಳು ಹಾಸಿಗೆಯಲ್ಲಿ ಮಲಗಿಸಿಕೊಂಡಿರುತ್ತಾರೆ, ಅವರಿಗೂ ಅಂಟುತ್ತದೆ. ಡಾಕ್ಟರು ನೇರಳೆ ದೀಪ ಹಿಡಿದು ನೋಡುತ್ತಾರೆ. ಎಲ್ಲಾ ಹುಳುಕಡ್ಡಿಯೂ ಅದರಲ್ಲಿ ಹೊಳೆಯುವುದಿಲ್ಲ, ಕೂದಲಿನ ಪರೀಕ್ಷೆ ಬೇಕಾಗಬಹುದು. ಚಿಕಿತ್ಸೆ ವಾರಗಟ್ಟಲೆ ನಡೆಯುತ್ತದೆ. ಕೂದಲು ಬಂತು ಅಂತ ಮಧ್ಯೆ ನಿಲ್ಲಿಸಬೇಡಿ. ಅಲ್ಲಿವರೆಗೆ ಒಂದು ಕೋಣೆಯಲ್ಲಿಡಿ, ಮುಟ್ಟಿದ ಮೇಲೆ ಕೈ ತೊಳೆಯಿರಿ.

ಗದ್ದದಲ್ಲಿ ಬರೀ ಕಪ್ಪು ಚುಕ್ಕೆಗಳಿದ್ದರೆ ಗಾಬರಿ ಬೇಡ. ಪ್ಲಾಸ್ಟಿಕ್ ಬಟ್ಟಲು ಬಿಟ್ಟು ಸ್ಟೀಲಿನದ್ದು ಇಟ್ಟು, ದಿನಾ ತೊಳೆದು ನೋಡಿ. ಹೊಟ್ಟೆಯನ್ನು ನೆಕ್ಕಿ ನೆಕ್ಕಿ ಬೋಳು ಮಾಡಿಕೊಂಡಿದ್ದರೆ ಅಲರ್ಜಿ, ಮನೆಗೆ ಬಂದ ಹೊಸ ಬೆಕ್ಕಿನ ಕಿರಿಕಿರಿ, ಮೂತ್ರಕೋಶದ ನೋವು, ಏನೂ ಆಗಿರಬಹುದು. ಬಿಳಿ ಬೆಕ್ಕಿನ ಕಿವಿತುದಿಯಲ್ಲಿ ಮಾಯದ ಹುಣ್ಣಿದ್ದರೆ ಮಾತ್ರ ತಡ ಮಾಡಲೇಬೇಡಿ. ಬಿಸಿಲಿಗೆ ಅಲ್ಲಿ ಕ್ಯಾನ್ಸರ್ ಬರುವುದುಂಟು.

ಗಂಡು ಬೆಕ್ಕುಗಳದ್ದು ಬೇರೆಯೇ ಕಥೆ. ಜಗಳದಲ್ಲಿ ಕಚ್ಚಿದ ಹಲ್ಲಿನ ತೂತು ಮೇಲೆ ಬೇಗ ಮುಚ್ಚುತ್ತದೆ, ಒಳಗೆ ಕೀವು ತುಂಬುತ್ತದೆ. ಮುಟ್ಟಿದರೆ ಬಿಸಿ ಬಾವು, ಜ್ವರ, ಊಟ ಬೇಡ. ಹಿಸುಕಬೇಡಿ, ಆಸ್ಪತ್ರೆಗೆ ಒಯ್ಯಿರಿ. ಸಂತಾನಹರಣ ಮಾಡಿಸಿದರೆ ಈ ಜಗಳ ಬಹಳ ಕಡಿಮೆಯಾಗುತ್ತದೆ.

ಇನ್ನು ನಮ್ಮ ಬೀದಿಯ ಮನೆಮದ್ದುಗಳು. ಡೆಟಾಲ್, ಫಿನೈಲ್, ಸೀಮೆಎಣ್ಣೆ, ಟೀ ಟ್ರೀ ಎಣ್ಣೆ, ಮನುಷ್ಯರ ಕಜ್ಜಿಗೆ ಹಚ್ಚುವ ಬೆಂಜೈಲ್ ಬೆಂಜೋಯೇಟ್, ಇವೆಲ್ಲ ಬೆಕ್ಕಿಗೆ ವಿಷ. ಮೈಗೆ ಹಚ್ಚಿದ್ದು ನಾಲಿಗೆಯಿಂದ ಹೊಟ್ಟೆಗೆ ಹೋಗುತ್ತದೆ, ಅಲ್ವಾ? ಬೇವಿನೆಣ್ಣೆಯನ್ನೂ ನಾನು ಹಚ್ಚುವುದಿಲ್ಲ, ಪಕ್ಕದ ಮನೆ ಅತ್ತೆಗೆ ಇದರಿಂದ ನನ್ನ ಮೇಲೆ ಸಿಟ್ಟಿದೆ. ಎಲ್ಲಕ್ಕಿಂತ ಅಪಾಯ ನಾಯಿಯ ಚಿಗಟದ ಹನಿ. ಅದರಲ್ಲಿ ಪರ್ಮೆಥ್ರಿನ್ ಇದ್ದರೆ ಬೆಕ್ಕು ನಡುಗಿ, ಫಿಟ್ಸ್ ಬಂದು ಸಾಯಬಹುದು. ಬೆಕ್ಕಿಗೆ ಅಂತ ಬರೆದಿರದ ಡಬ್ಬಿ ಮುಟ್ಟಬೇಡಿ.

ಒಂದು ದಿನ ಊಟ ಬಿಟ್ಟರೆ, ಕೀವು ಕಂಡರೆ, ಚಿಗಟ ತುಂಬಿದ ಮರಿಯ ಒಸಡು ಬಿಳುಚಿದರೆ ಅವತ್ತೇ ಹೊರಡಿ. ನಮ್ಮೂರಲ್ಲಿ ಪಶುವೈದ್ಯಕೀಯ ಕಾಲೇಜಿದೆ, ಬೆಂಗಳೂರಿನವರಿಗೆ ಹೆಬ್ಬಾಳದ್ದಿದೆ, ಉಳಿದವರು ಹತ್ತಿರದ ಸರ್ಕಾರಿ ಪಶು ಆಸ್ಪತ್ರೆಯಲ್ಲಿ ಕೇಳಿ. ಎಲ್ಲಿ ಶುರುವಾಯಿತು, ಮನೆಯಲ್ಲಿ ಬೇರೆ ಯಾರಿಗೆ ತುರಿಕೆ, ಈಗಾಗಲೇ ಏನು ಹಚ್ಚಿದ್ದೀರಿ, ಮುಚ್ಚಿಡದೆ ಹೇಳಿ. ಮದ್ದಿನ ಅಳತೆ ತೂಕದ ಮೇಲೆ. ಬೆಕ್ಕನ್ನು ಎತ್ತಿಕೊಂಡು ತೂಕದ ಮೆಷಿನ್ ಮೇಲೆ ನಿಂತು, ನಿಮ್ಮ ತೂಕ ಕಳೆದು, ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ.